ಇಂಟರ್ನ್‌ಶಿಪ್ ಮೂಲಕ ಕೋಚಿಂಗ್‌ಗೆ ಬರೋದು: ದೊಡ್ಡ ಕ್ಲಬ್ಬಾ, ಚಿಕ್ಕ ಕ್ಲಬ್ಬಾ?

ಸೈಡ್‌ಲೈನ್ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ಕ್ರೀಡಾ ವಿಜ್ಞಾನ ಓದುತ್ತಿದ್ದೇನೆ, ಇದು ಕೊನೆಯ ಸೆಮಿಸ್ಟರ್. ಕೋಚ್ ಆಗಬೇಕು ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ. ಫುಟ್‌ಬಾಲ್ ಆಡುತ್ತೇನೆ, ಆದರೆ ಕಾಲೇಜು ತಂಡದಿಂದ ಮೇಲೆ ಹೋಗಿಲ್ಲ.

ಈಗ ಎರಡು ಕಡೆ ಇಂಟರ್ನ್‌ಶಿಪ್‌ಗೆ ಕರೆದಿದ್ದಾರೆ. ಮೊದಲನೆಯದು ದೊಡ್ಡ ವೃತ್ತಿಪರ ಕ್ಲಬ್, ಹೆಸರು ಹೇಳಿದರೆ ಎಲ್ಲರಿಗೂ ಗೊತ್ತಾಗುತ್ತದೆ. ಅಲ್ಲಿ ನನ್ನ ಕೆಲಸ ಆಟಗಾರರಿಗೆ ಜಿಪಿಎಸ್ ವೆಸ್ಟ್ (ಎಷ್ಟು ಓಡಿದರು ಅಂತ ಅಳೆಯುವ ಸಾಧನ ಇರುವ ಬನಿಯನ್) ಹಂಚೋದು, ಆಮೇಲೆ ಡೇಟಾ ಇಳಿಸಿಕೊಂಡು ಶೀಟ್ ಮಾಡೋದು, ಜಿಮ್ ಸಜ್ಜು ಮಾಡಿಡೋದು. ಪೂರ್ತಿ ಸೀಸನ್, ಸಂಬಳ ಇಲ್ಲ. ಎರಡನೆಯದು ಚಿಕ್ಕ ಕ್ಲಬ್. 14 ಮತ್ತು 16 ವರ್ಷದೊಳಗಿನ ಮಕ್ಕಳ ತಂಡಗಳು, ಇರೋದೇ ಇಬ್ಬರು ಕೋಚ್‌ಗಳು. ಸ್ವಲ್ಪ ಸ್ಟೈಪೆಂಡ್ ಕೊಡುತ್ತಾರಂತೆ, ಮೊದಲ ತಿಂಗಳಿನಿಂದಲೇ ವಾರ್ಮ್‌ಅಪ್ ನಾನೇ ನಡೆಸಬಹುದಂತೆ.

ನನ್ನ ಜೊತೆ ಓದುವವರೆಲ್ಲ ದೊಡ್ಡ ಕ್ಲಬ್ ಬಿಡಬೇಡ, ರೆಸ್ಯೂಮೆಯಲ್ಲಿ ಹೆಸರು ಇರಬೇಕು ಅನ್ನುತ್ತಿದ್ದಾರೆ. ನನಗೆ ಗೊತ್ತಾಗುತ್ತಿಲ್ಲ. ಇಂಟರ್ನ್‌ಶಿಪ್ ಮಾಡಿದವರು, ಇಂಟರ್ನ್‌ಗಳನ್ನು ತೆಗೆದುಕೊಳ್ಳುವವರು ಯಾರಾದರೂ ಇದ್ದರೆ ಹೇಳಿ. ಇನ್ನೊಂದು ಪ್ರಶ್ನೆ, ದೊಡ್ಡ ಮಟ್ಟದಲ್ಲಿ ಆಡದೇ ಇದ್ದವರ ಮಾತನ್ನು ಆಟಗಾರರು ಕೇಳುತ್ತಾರಾ?

ಜಿಮ್ ಕೋಚ್:

ನಾನು ಸ್ಟ್ರೆಂತ್ ಅಂಡ್ ಕಂಡೀಷನಿಂಗ್ ಕೋಚ್, ಅಂದರೆ ಆಟಗಾರರ ಶಕ್ತಿ, ದಮ್ಮು ಬೆಳೆಸುವ ಕೋಚ್. ಇಂಟರ್ನ್ ಆಗಿಯೇ ಈ ಕೆಲಸಕ್ಕೆ ಬಂದವನು, ಈಗ ಪ್ರತಿ ಸೀಸನ್ ಇಂಟರ್ನ್‌ಗಳನ್ನು ತೆಗೆದುಕೊಳ್ಳುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಕ್ಲಬ್ ಎಷ್ಟು ದೊಡ್ಡದು ಅನ್ನೋದನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಎರಡೂ ಕಡೆ ಒಂದೇ ಪ್ರಶ್ನೆ ಕೇಳಿ. ನಾನು ಆಟಗಾರರ ಮುಂದೆ ನಿಂತು ಏನಾದರೂ ಹೇಳಿಕೊಡುವಾಗ ಅದನ್ನು ನಿಂತು ನೋಡಿ, ಆಮೇಲೆ ನನ್ನನ್ನು ಕೂರಿಸಿಕೊಂಡು ಇದು ಸರಿಯಾಯಿತು, ಇದು ಅವರಿಗೆ ಅರ್ಥವಾಗಲಿಲ್ಲ ಅಂತ ಹೇಳುವವರು ಯಾರು? ಒಬ್ಬ ವ್ಯಕ್ತಿಯ ಹೆಸರು ಬರಬೇಕು. 'ನಮ್ಮ ಸ್ಟಾಫ್ ಎಲ್ಲ ಇರುತ್ತಾರೆ, ನೋಡಿ ಕಲಿಯಬಹುದು' ಅಂದರೆ ಯಾರೂ ಇಲ್ಲ ಅಂತಲೇ ಅರ್ಥ. ಕೋಚಿಂಗ್ ಬಾಯಲ್ಲಿ ಮಾಡುವ, ಕಣ್ಣಲ್ಲಿ ಮಾಡುವ ಕೆಲಸ. ನೀವು ಬಾಯಿ ಬಿಡದೇ ಒಂದು ಸೀಸನ್ ಕಳೆದರೆ ಎಷ್ಟು ಒಳ್ಳೆಯ ಜಾಗದಲ್ಲಿ ಕಳೆದರೂ ಕೋಚ್ ಆಗಿ ನೀವು ಮೊದಲಿದ್ದಲ್ಲೇ ಇರುತ್ತೀರಿ.

ಹಾಗಂತ ಕೋನ್ ಇಡೋದು, ಬಾರ್ ಒರೆಸೋದು, ತೂಕದ ತಟ್ಟೆ ಜೋಡಿಸೋದು ಕೀಳು ಕೆಲಸ ಅಂದುಕೊಳ್ಳಬೇಡಿ. ಎಲ್ಲ ಕಡೆ ಇಂಟರ್ನ್‌ನ ದಿನ ಅಲ್ಲಿಂದಲೇ ಶುರುವಾಗೋದು. ಅಭ್ಯಾಸ ಶುರುವಾಗೋಕೆ ಇನ್ನೂ ಒಂದು ಗಂಟೆ ಇರುವಾಗಲೇ ಮೈದಾನದಲ್ಲಿರಬೇಕು. ಆ ಒಂದು ಗಂಟೆಯಲ್ಲಿ ಕೋಚ್ ಬರೆದ ಪ್ಲಾನ್ ನಿಮ್ಮ ಕೈಯಲ್ಲಿರುತ್ತದೆ ನೋಡಿ, ಅದೇ ನಿಮ್ಮ ಪಾಠ. ಕೋನ್‌ಗಳ ನಡುವೆ 20 ಮೀಟರ್ ಯಾಕೆ, 30 ಯಾಕಲ್ಲ? ನಾಲ್ಕು ಸಾಲು ಯಾಕೆ, ಎರಡು ಸಾಲು ಮಾಡಿದರೆ ಪ್ರತಿ ಹುಡುಗ ಎಷ್ಟು ಹೊತ್ತು ಸುಮ್ನೆ ನಿಂತಿರಬೇಕಾಗುತ್ತದೆ? ಈ ಡ್ರಿಲ್ ಮುಗಿದ ಮೇಲೆ ಮುಂದಿನದಕ್ಕೆ ಹೋಗೋಕೆ ಸಾಮಾನು ಎಲ್ಲಿರಬೇಕು? ದಿನಕ್ಕೆ ಇಂಥ ಒಂದು ಪ್ರಶ್ನೆ ಕೇಳಿ. ಅಭ್ಯಾಸದ ನಡುವೆ ಕೇಳಬೇಡಿ, ಮುಗಿದ ಮೇಲೆ ಸಾಮಾನು ಎತ್ತಿಡುವಾಗ ಕೇಳಿ. ಆಗ ಕೋಚ್‌ಗಳು ಮನಸ್ಸು ಬಿಚ್ಚಿ ಮಾತಾಡುತ್ತಾರೆ.

ಡೇಟಾ ಕೆಲಸದ ಬಗ್ಗೆಯೂ ಒಂದು ಮಾತು. ಜಿಪಿಎಸ್ ಇಲ್ಲದ ಕ್ಲಬ್‌ಗಳಲ್ಲೂ ಆಟಗಾರರ ಮೇಲೆ ಎಷ್ಟು ಭಾರ ಬಿತ್ತು ಅಂತ ಅಳೆಯಬಹುದು. ಕಾರ್ಲ್ ಫಾಸ್ಟರ್ ಅನ್ನೋ ಅಮೆರಿಕದ ಸಂಶೋಧಕರು ಬಳಕೆಗೆ ತಂದ ಸರಳ ವಿಧಾನ ಇದು. ಅಭ್ಯಾಸ ಮುಗಿದು ಸುಮಾರು ಅರ್ಧ ಗಂಟೆ ಆದಮೇಲೆ ಪ್ರತಿಯೊಬ್ಬರನ್ನೂ ಇವತ್ತು ಎಷ್ಟು ಕಷ್ಟವಾಯಿತು ಅಂತ ಕೇಳಬೇಕು, 0ಯಿಂದ 10ರ ಒಳಗೆ ಒಂದು ಅಂಕಿ. ಅದನ್ನು ಅಭ್ಯಾಸದ ನಿಮಿಷಗಳಿಂದ ಗುಣಿಸೋದು. 75 ನಿಮಿಷ, ಹುಡುಗ 6 ಅಂದ, ಹಾಗಾದರೆ 450. ವಾರಕ್ಕೆ ಕೂಡಿಸಿದರೆ ಯಾರ ಮೇಲೆ ಎಷ್ಟು ಬಿತ್ತು, ಯಾರಿಗೆ ಒಮ್ಮೆಲೇ ಜಾಸ್ತಿ ಆಯಿತು ಅಂತ ಕಾಣುತ್ತದೆ.

ಇದನ್ನು ಕೇಳುವ ಕೆಲಸ ಸಾಮಾನ್ಯವಾಗಿ ಇಂಟರ್ನ್‌ಗೇ ಬರುತ್ತದೆ. ಸಂತೋಷವಾಗಿ ತೆಗೆದುಕೊಳ್ಳಿ. ಯಾಕೆಂದರೆ ತಂಡದ ಪ್ರತಿಯೊಬ್ಬರ ಜೊತೆಯೂ ದಿನಾ ಒಂದು ನಿಮಿಷ ಮಾತಾಡುವ ಅವಕಾಶ ಹೆಡ್ ಕೋಚ್‌ಗೂ ಇರುವುದಿಲ್ಲ, ನಿಮಗಿರುತ್ತದೆ. ಮುಖ ಬಾಡಿಹೋಗಿದ್ದರೂ 4 ಅನ್ನುವ ಹುಡುಗ ಇರುತ್ತಾನೆ, ಮುಂದಿನ ಪಂದ್ಯದಿಂದ ಕೈಬಿಡುತ್ತಾರೇನೋ ಅಂತ ಹೆದರಿಕೆ ಅವನಿಗೆ. ಅದನ್ನು ಗಮನಿಸಿ ಬಂದು 'ಸರ್, ಇವತ್ತು ಇವನು ಹೇಳಿದ ಅಂಕಿ ನನಗೆ ನಂಬಿಕೆ ಬರಲಿಲ್ಲ' ಅಂತ ಹೇಳುವ ಇಂಟರ್ನ್ ನನಗೆ ಸಿಕ್ಕಿದರೆ ಅವರನ್ನು ಕಳಿಸೋಕೆ ಮನಸ್ಸೇ ಬರುವುದಿಲ್ಲ.

ನೀವು ಹೇಳಿದಷ್ಟರ ಮೇಲೆ ನನ್ನ ಓಟು ಚಿಕ್ಕ ಕ್ಲಬ್‌ಗೆ. ಆದರೆ ಒಪ್ಪಿಕೊಳ್ಳುವ ಮುಂಚೆ ಆ ಇಬ್ಬರು ಕೋಚ್‌ಗಳ ಅಭ್ಯಾಸವನ್ನು ಒಮ್ಮೆ ಗ್ಯಾಲರಿಯಲ್ಲಿ ಕೂತು ನೋಡಿ ಬನ್ನಿ. ಮಕ್ಕಳ ಮೇಲೆ ಸುಮ್ನೆ ಕಿರುಚಾಡುವವರಾದರೆ ಹೋಗಬೇಡಿ. ಮೊದಲ ವರ್ಷ ಯಾರ ಪಕ್ಕ ನಿಂತಿರುತ್ತೀರೋ ಅವರ ದನಿ, ಅವರ ಚಾಳಿ ನಿಮಗೂ ಬರುತ್ತದೆ.

ಮಿಡ್‌ಫೀಲ್ಡರ್:

ನಾನು ಒಪ್ಪುವುದಿಲ್ಲ. ದೊಡ್ಡ ಕ್ಲಬ್‌ಗೇ ಹೋಗಿ. ಕೆಲಸಕ್ಕೆ ಅರ್ಜಿ ಹಾಕುವಾಗ ನೂರಾರು ಜನ ಇರುತ್ತಾರೆ, ಅದರಲ್ಲಿ ಗೊತ್ತಿರುವ ಹೆಸರು ಕಂಡರೆ ಮಾತ್ರ ಮುಂದೆ ಓದುತ್ತಾರೆ. ಅಲ್ಲಿ ಕೆಲಸ ಮಾಡುವವರ ಪರಿಚಯವೂ ಆಗುತ್ತದೆ, ಅವರಲ್ಲಿ ಯಾರಾದರೂ ಬೇರೆ ಕ್ಲಬ್‌ಗೆ ಹೋದರೆ ಜೊತೆಗೆ ಕರೆದುಕೊಂಡು ಹೋಗುತ್ತಾರೆ. ಈ ಕ್ಷೇತ್ರ ನಡೆಯೋದೇ ಹಾಗೆ. ಮಕ್ಕಳ ತಂಡಕ್ಕೆ ವಾರ್ಮ್‌ಅಪ್ ಮಾಡಿಸೋದನ್ನು ಯಾವಾಗ ಬೇಕಾದರೂ ಕಲಿಯಬಹುದು.

ವಿಡಿಯೋ ರೂಮ್:

ಮಿಡ್‌ಫೀಲ್ಡರ್ ಹೇಳಿದ ಪರಿಚಯದ ಮಾತು ನಿಜ, ಅದನ್ನು ತಳ್ಳಿಹಾಕೋಕೆ ಆಗುವುದಿಲ್ಲ. ಆದರೆ ಪರಿಚಯ ಹೇಗೆ ಆಗುತ್ತದೆ ಅನ್ನೋದನ್ನು ನೋಡಬೇಕು. ಸೈಡ್‌ಲೈನ್ ಅವರ ಎರಡನೇ ಪ್ರಶ್ನೆಗೂ ಇದರಲ್ಲೇ ಉತ್ತರ ಇದೆ, ಹಾಗಾಗಿ ಎರಡನ್ನೂ ಒಟ್ಟಿಗೆ ಹೇಳುತ್ತೇನೆ.

ಎರಿಕ್ ಸ್ಪೋಲ್‌ಸ್ಟ್ರಾ 1995ರಲ್ಲಿ ಮಯಾಮಿ ಹೀಟ್ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಸೇರಿದ್ದು ವಿಡಿಯೋ ಕೋಣೆಗೆ. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಅವರು ಒಂದು ಪಂದ್ಯವನ್ನೂ ಆಡಿರಲಿಲ್ಲ. ಟೇಪ್ ಕತ್ತರಿಸಿ ಜೋಡಿಸುವ ಕೆಲಸದಿಂದ ಒಂದೊಂದೇ ಮೆಟ್ಟಿಲು ಹತ್ತಿ 2008ರಲ್ಲಿ ಅದೇ ತಂಡದ ಹೆಡ್ ಕೋಚ್ ಆದರು. 2012 ಮತ್ತು 2013ರಲ್ಲಿ ಪ್ರಶಸ್ತಿ ಗೆದ್ದರು. ಅಮೆರಿಕನ್ ಫುಟ್‌ಬಾಲ್‌ನ ಬಿಲ್ ಬೆಲಿಚಿಕ್ ಕೂಡ ಹಾಗೇ. 1975ರಲ್ಲಿ ಬಾಲ್ಟಿಮೋರ್ ಕೋಲ್ಟ್ಸ್ ತಂಡದಲ್ಲಿ ವಾರಕ್ಕೆ 25 ಡಾಲರ್‌ಗೆ ಪಂದ್ಯದ ಫಿಲಂ ನೋಡಿ ಬಿಡಿಸಿ ಬರೆಯುವ ಕೆಲಸ. ಮುಂದೆ ಹೆಡ್ ಕೋಚ್ ಆಗಿ 6 ಸೂಪರ್ ಬೌಲ್ (ಅಮೆರಿಕನ್ ಫುಟ್‌ಬಾಲ್ ಲೀಗ್‌ನ ಫೈನಲ್) ಗೆದ್ದರು. ಅವರೂ ಕಾಲೇಜಿನಿಂದಾಚೆಗೆ ಆಡಿದವರಲ್ಲ.

ನಿಮ್ಮದೇ ಆಟಕ್ಕೆ ಬರೋಣ. ಜರ್ಮನಿಯ ಜೂಲಿಯನ್ ನಾಗೆಲ್ಸ್‌ಮನ್ ಗಾಯದಿಂದಾಗಿ 20ನೇ ವಯಸ್ಸಿಗೇ ಆಟ ಬಿಟ್ಟರು. ಆಗ ಅವರು ಆಗ್ಸ್‌ಬರ್ಗ್ ಕ್ಲಬ್‌ನ ಎರಡನೇ ತಂಡದಲ್ಲಿದ್ದರು, ಕೋಚ್ ಥಾಮಸ್ ಟುಕೆಲ್. ಟುಕೆಲ್ ಅವರನ್ನು ಎದುರಾಳಿ ತಂಡಗಳ ಆಟ ನೋಡಿ ವರದಿ ಮಾಡೋಕೆ ಕಳಿಸಿದರು. ಅಲ್ಲಿಂದ ಮಕ್ಕಳ ತಂಡಗಳ ಕೋಚ್ ಆಗಿ, 2016ರಲ್ಲಿ ಹಾಫನ್‌ಹೈಮ್‌ನ ಮುಖ್ಯ ತಂಡಕ್ಕೆ ಕೋಚ್ ಆದಾಗ ಅವರಿಗೆ 28 ವರ್ಷ, ತಂಡದ ಕೆಲವು ಆಟಗಾರರು ಅವರಿಗಿಂತ ದೊಡ್ಡವರು. ಮುಂದೆ ಹೆಸರಾಂತ ಕೋಚ್ ಆದ ಜೋಸೆ ಮೌರಿನ್ಯೋ 1992ರಲ್ಲಿ ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್‌ಗೆ ಇಂಗ್ಲೆಂಡಿನ ಕೋಚ್ ಬಾಬಿ ರಾಬ್ಸನ್ ಅವರ ದುಭಾಷಿಯಾಗಿ ಬಂದರು. ರಾಬ್ಸನ್ ಪೋರ್ಟೋಗೆ, ಆಮೇಲೆ 1996ರಲ್ಲಿ ಬಾರ್ಸಿಲೋನಾಗೆ ಹೋದಾಗ ಇವರನ್ನೂ ಕರೆದುಕೊಂಡು ಹೋದರು. ನೋಡಿ, ಮಿಡ್‌ಫೀಲ್ಡರ್ ಹೇಳಿದ್ದು ಇದನ್ನೇ.

ಆದರೆ ಇವರೆಲ್ಲರನ್ನೂ ಒಟ್ಟಿಗೆ ನೋಡಿದರೆ ನನಗೆ ಕಾಣುವುದು ಏನೆಂದರೆ, ಯಾರೂ ಕ್ಲಬ್‌ನ ಹೆಸರಿನಿಂದ ಮೇಲೆ ಬರಲಿಲ್ಲ. ಒಬ್ಬ ಕೋಚ್‌ಗೆ ಬೇಕೇಬೇಕಾದ ಒಂದು ಕೆಲಸವನ್ನು ಇವರು ಬೇರೆ ಯಾರೂ ಮಾಡದಷ್ಟು ಚೆನ್ನಾಗಿ ಮಾಡಿದರು. ಆ ಕೆಲಸ ದಿನಾ ಕೋಚ್ ಜೊತೆ ಆಟದ ಬಗ್ಗೆ ಮಾತಾಡುವಂತೆ ಮಾಡಿತು. ದುಭಾಷಿ ಆದವನು ಕೋಚ್ ಹೇಳಿದ ಒಂದೊಂದು ಮಾತನ್ನೂ ತಾನೇ ಬಾಯಲ್ಲಿ ಹೇಳಬೇಕು, ಆಟಗಾರರು ಹೇಗೆ ತೆಗೆದುಕೊಂಡರು ಅಂತ ಮುಖ ನೋಡಬೇಕು. ಅದಕ್ಕಿಂತ ಹತ್ತಿರದ ಪಾಠ ಎಲ್ಲಿ ಸಿಗುತ್ತದೆ ಹೇಳಿ?

ಹಾಗಾಗಿ ದೊಡ್ಡ ಕ್ಲಬ್‌ನ ಡೇಟಾ ಕೆಲಸವೂ ಒಳ್ಳೆಯದಾಗಬಹುದು. ನೀವು ಮಾಡಿದ ಶೀಟ್ ಯಾರ ಕೈಗೆ ಹೋಗುತ್ತದೆ ಅಂತ ಕೇಳಿ. ಕೋಚ್ ಮುಂದೆ ಇಟ್ಟು ನೀವೇ ವಿವರಿಸುತ್ತೀರಾ, ಅಥವಾ ಫೋಲ್ಡರ್‌ಗೆ ಹಾಕಿ ಮನೆಗೆ ಹೋಗುತ್ತೀರಾ? ಎರಡನೆಯದಾದರೆ ಜಿಮ್ ಕೋಚ್ ಹೇಳಿದ್ದೇ ಸರಿ.

ಆಟಗಾರರು ಮಾತು ಕೇಳುತ್ತಾರಾ ಅಂದರೆ, ಕೇಳುತ್ತಾರೆ. ಮೊದಲ ವಾರ ನಿಮ್ಮನ್ನು ಅಳೆಯುತ್ತಾರೆ, ಅದು ಸಹಜ. ನೀವು ಹೇಳಿದ್ದನ್ನು ಮಾಡಿದಾಗ ಅವರ ಆಟದಲ್ಲಿ ಏನಾದರೂ ಸುಲಭವಾದರೆ ಅಲ್ಲಿಗೆ ಆ ಪ್ರಶ್ನೆ ಮುಗಿಯಿತು. ಎಲ್ಲಿ ಆಡಿದ್ದೀರಿ ಅಂತ ಯಾರಾದರೂ ಕೇಳಿದರೆ ಇದ್ದದ್ದನ್ನು ಇದ್ದಹಾಗೆ ಹೇಳಿ. ಜಾಸ್ತಿ ಆಡಿದವನ ಹಾಗೆ ಮಾತಾಡೋಕೆ ಹೋದರೆ ಮಕ್ಕಳು ಕೂಡ ಹತ್ತು ನಿಮಿಷದಲ್ಲಿ ಕಂಡುಹಿಡಿಯುತ್ತಾರೆ.

ಸೈಡ್‌ಲೈನ್:

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ದೊಡ್ಡ ಕ್ಲಬ್‌ಗೆ ಇವತ್ತೇ ಫೋನ್ ಮಾಡಿ ಕೇಳಿದೆ. ಶೀಟ್ ಅನಲಿಸ್ಟ್‌ಗೆ ಕೊಟ್ಟರೆ ಸಾಕು, ಮೀಟಿಂಗ್‌ಗೆ ಇಂಟರ್ನ್‌ಗಳು ಬರುವುದಿಲ್ಲ ಅಂದರು. ಯಾರು ನೋಡಿ ಹೇಳುತ್ತಾರೆ ಅಂತ ಕೇಳಿದ್ದಕ್ಕೆ ಸರಿಯಾಗಿ ಉತ್ತರ ಬರಲಿಲ್ಲ.

ಇನ್ನೊಂದು ಕೇಳಬೇಕಿತ್ತು. ಸಂಬಳ ಇಲ್ಲದೆ ಕೆಲಸ ಮಾಡೋದು ಈ ಕ್ಷೇತ್ರದಲ್ಲಿ ಮಾಮೂಲಿ, ಎಲ್ಲರೂ ಹಾಗೇ ಬಂದಿದ್ದಾರೆ ಅಂತ ಅಲ್ಲಿನವರೇ ಹೇಳಿದರು. ನಿಜಾನಾ?

ಮೈದಾನದ ಅಕ್ಕ:

ಮಾಮೂಲಿ ಅನ್ನೋದು ನಿಜ, ಸರಿ ಅನ್ನೋದು ಸುಳ್ಳು. ಈ ವಿಷಯದಲ್ಲಿ ನನಗೆ ಸಿಟ್ಟಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಒಂದು ಸೀಸನ್ ಪೂರ್ತಿ ಸಂಬಳ ಇಲ್ಲದೆ ಬೆಳಗ್ಗೆಯಿಂದ ಸಂಜೆವರೆಗೆ ಕೆಲಸ ಮಾಡೋಕೆ ಯಾರಿಗೆ ಸಾಧ್ಯ? ಮನೆಯಲ್ಲಿ ಯಾರಾದರೂ ಸಾಕುತ್ತಿದ್ದರೆ ಮಾತ್ರ. ಹಾಗಾಗಿ ಈ ಪದ್ಧತಿ ಇರುವ ಕಡೆಯೆಲ್ಲ ಕೋಚ್‌ಗಳ ಸಾಲು ಒಂದೇ ತರಹದ ಮನೆಗಳಿಂದ ಬಂದವರಿಂದ ತುಂಬಿಹೋಗುತ್ತದೆ. ಒಳ್ಳೆಯ ಕಣ್ಣಿರುವ, ಮಕ್ಕಳ ಜೊತೆ ಚೆನ್ನಾಗಿ ಬೆರೆಯುವ ಎಷ್ಟೋ ಜನ ಬಾಗಿಲ ಹೊರಗೇ ಉಳಿಯುತ್ತಾರೆ. ನಷ್ಟ ಅವರಿಗಷ್ಟೇ ಆಗುವುದಿಲ್ಲ, ಆಟಕ್ಕೂ ಆಗುತ್ತದೆ.

ಬಾಗಿಲು ಬೇಕಂತಲೇ ತೆರೆದರೆ ಏನಾಗುತ್ತದೆ ಅನ್ನೋದಕ್ಕೆ ಒಂದು ಉದಾಹರಣೆ ಇದೆ. ಅಮೆರಿಕನ್ ಫುಟ್‌ಬಾಲ್ ಕೋಚ್ ಬಿಲ್ ವಾಲ್ಶ್ 1987ರಲ್ಲಿ ಅಲ್ಪಸಂಖ್ಯಾತ ಸಮುದಾಯದ ಕೋಚ್‌ಗಳನ್ನು ತಂಡದ ತರಬೇತಿ ಶಿಬಿರಕ್ಕೆ ಕರೆಸಿಕೊಳ್ಳುವ ಯೋಜನೆ ಶುರು ಮಾಡಿದರು. ಆಮೇಲೆ ಅದು ಅವರ ಹೆಸರಲ್ಲೇ ಎನ್‌ಎಫ್‌ಎಲ್ ಅನ್ನೋ ಆ ಆಟದ ಲೀಗ್‌ನ ಎಲ್ಲ ತಂಡಗಳಿಗೂ ಹರಡಿತು. ಮುಂದೆ ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ ಹೆಡ್ ಕೋಚ್ ಆದ ಮೈಕ್ ಟಾಮ್ಲಿನ್ ಆ ದಾರಿಯಲ್ಲಿ ಬಂದವರು. ಕೇಟಿ ಸೋವರ್ಸ್ ಕೂಡ 2016ರಲ್ಲಿ ಅದೇ ಯೋಜನೆಯಿಂದ ಅಟ್ಲಾಂಟಾ ಫಾಲ್ಕನ್ಸ್ ಶಿಬಿರಕ್ಕೆ ಹೋದರು, 2020ರಲ್ಲಿ ಸೂಪರ್ ಬೌಲ್‌ನಲ್ಲಿ ಕೋಚ್ ಆಗಿ ನಿಂತ ಮೊದಲ ಮಹಿಳೆ ಅವರೇ. ಅವರಿಗಿಂತ ಮುಂಚೆ, 2015ರಲ್ಲಿ, ಜೆನ್ ವೆಲ್ಟರ್ ಅರಿಜೋನಾ ಕಾರ್ಡಿನಲ್ಸ್ ಶಿಬಿರದಲ್ಲಿ ಕೋಚಿಂಗ್ ಇಂಟರ್ನ್ ಆಗಿದ್ದರು. ಕೆಲವೇ ವಾರಗಳ ಕೆಲಸ, ಆದರೆ ಗಂಡಸರ ಆ ಲೀಗ್‌ನಲ್ಲಿ ಹೆಣ್ಣುಮಗಳು ಕೋಚ್ ಜಾಗದಲ್ಲಿ ನಿಂತದ್ದನ್ನು ಜನ ನೋಡಿದ್ದೇ ಅವತ್ತು.

ಈ ಯೋಜನೆಯಲ್ಲಿ ನನಗೆ ಇಷ್ಟವಾಗೋದು ಏನು ಗೊತ್ತಾ? ಅವಧಿ ಎಷ್ಟು ಅಂತ ಮೊದಲೇ ಗೊತ್ತು, ಜಾಗ ಎಲ್ಲಿ ಅಂತ ಗೊತ್ತು. ಕೋಚ್ ಅಂತಲೇ ಕರೆಯುತ್ತಾರೆ, ಕೋಚ್ ಕೆಲಸವನ್ನೇ ಕೊಡುತ್ತಾರೆ.

ನೀವು ಎಲ್ಲಿಗೇ ಹೋಗಿ, ಕೆಲವು ವಿಷಯ ಬರವಣಿಗೆಯಲ್ಲಿ ಇರಲಿ. ವಾರಕ್ಕೆ ಎಷ್ಟು ಗಂಟೆ, ಯಾವತ್ತು ಮುಗಿಯುತ್ತದೆ, ಓಡಾಟದ ಖರ್ಚು ಯಾರದ್ದು, ಕೆಲಸದಲ್ಲಿ ನಿಮಗೆ ಪೆಟ್ಟಾದರೆ ಯಾರು ನೋಡಿಕೊಳ್ಳುತ್ತಾರೆ. ಸಂಬಳ ಕೊಡೋಕೆ ಆಗಲ್ಲ ಅಂದರೆ ಗಂಟೆ ಕಡಿಮೆ ಮಾಡಿ ಅನ್ನಿ, ಉಳಿದ ಹೊತ್ತಲ್ಲಿ ಬೇರೆ ದುಡಿಮೆ ಮಾಡಿಕೊಳ್ಳಬೇಕಲ್ವಾ? ಇಷ್ಟು ಕೇಳಿದ್ದಕ್ಕೆ ಮುಖ ಸಿಂಡರಿಸುವ ಕ್ಲಬ್ ಮುಂದೆ ನಿಮ್ಮನ್ನು ಹೇಗೆ ನೋಡಿಕೊಳ್ಳುತ್ತದೆ ಅಂತ ಆಗಲೇ ಗೊತ್ತಾಗುತ್ತದೆ.

ಚಿಕ್ಕ ಕ್ಲಬ್‌ಗೆ ಹೋಗೋದಾದರೆ ಇನ್ನೊಂದು. ಅಲ್ಲಿರೋರು ಮಕ್ಕಳು. ಮಕ್ಕಳ ಸುರಕ್ಷತೆಗೆ ಏನು ನಿಯಮ ಇದೆ ಅಂತ ಮೊದಲ ದಿನವೇ ಕೇಳಿ. ಮಗುವಿನ ಜೊತೆ ಒಬ್ಬರೇ ಮುಚ್ಚಿದ ಕೋಣೆಯಲ್ಲಿ ಇರಬಾರದು, ಖಾಸಗಿ ಮೆಸೇಜ್ ಮಾಡಬಾರದು, ಪೋಷಕರಿಗೆ ಗೊತ್ತಿಲ್ಲದೆ ಎಲ್ಲಿಗೂ ಕರೆದುಕೊಂಡು ಹೋಗಬಾರದು. ಏನಾದರೂ ಸರಿಯಿಲ್ಲ ಅನ್ನಿಸಿದರೆ ಯಾರಿಗೆ ಹೇಳಬೇಕು ಅನ್ನೋದೂ ಗೊತ್ತಿರಬೇಕು. ಕ್ಲಬ್‌ನಲ್ಲಿ ಇಂಥ ನಿಯಮ ಇಲ್ಲದಿದ್ದರೂ ನೀವು ಪಾಲಿಸಿ. ಮಗುವಿಗೂ ಒಳ್ಳೆಯದು, ನಿಮಗೂ ಒಳ್ಳೆಯದು. ಪ್ರಥಮ ಚಿಕಿತ್ಸೆ ಮತ್ತು ಸಿಪಿಆರ್ (ಹೃದಯ ನಿಂತಾಗ ಎದೆ ಒತ್ತಿ ಜೀವ ಉಳಿಸುವ ವಿಧಾನ) ತರಬೇತಿ ಆಗಿಲ್ಲದಿದ್ದರೆ ಸೇರುವ ಮುಂಚೆ ಮುಗಿಸಿಕೊಳ್ಳಿ.

ಜಿಮ್ ಕೋಚ್:

ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಸಿಪಿಆರ್ ಸರ್ಟಿಫಿಕೇಟ್ ಮುಂದೆಯೂ ಬೇಕಾಗುತ್ತದೆ. ಸ್ಟ್ರೆಂತ್ ಕೋಚಿಂಗ್ ಕಡೆ ಹೋಗೋದಾದರೆ ಎನ್‌ಎಸ್‌ಸಿಎ ಅನ್ನೋ ಅಮೆರಿಕದ ಸಂಸ್ಥೆ ಕೊಡುವ ಸಿಎಸ್‌ಸಿಎಸ್ ಅನ್ನೋ ಸ್ಟ್ರೆಂತ್ ಕೋಚ್ ಸರ್ಟಿಫಿಕೇಟ್‌ಗೆ ಡಿಗ್ರಿ ಜೊತೆ ಅದನ್ನೂ ಕೇಳುತ್ತಾರೆ. ಫುಟ್‌ಬಾಲ್ ಕೋಚ್ ದಾರಿಯಾದರೆ ಲೈಸೆನ್ಸ್‌ಗಳು ಮೆಟ್ಟಿಲು ಮೆಟ್ಟಿಲಾಗಿ ಇರುತ್ತವೆ, ಯುರೋಪಿನ ಫುಟ್‌ಬಾಲ್ ಒಕ್ಕೂಟ ಯುಇಎಫ್‌ಎ ಪದ್ಧತಿಯಲ್ಲಿ ಸಿ, ಬಿ, ಎ, ಆಮೇಲೆ ಪ್ರೊ. ಇಂಟರ್ನ್‌ಶಿಪ್ ಜೊತೆಯಲ್ಲೇ ಕೆಳಗಿನ ಲೈಸೆನ್ಸ್ ಶುರು ಮಾಡಿದರೆ ಒಳ್ಳೆಯದು, ಕ್ಲಾಸಲ್ಲಿ ಕೇಳಿದ್ದನ್ನು ಮರುದಿನ ಮೈದಾನದಲ್ಲಿ ಮಾಡಿ ನೋಡಬಹುದು.

ಸೈಡ್‌ಲೈನ್:

ಚಿಕ್ಕ ಕ್ಲಬ್ ಅಂತ ತೀರ್ಮಾನ ಮಾಡಿದೆ. ಅಲ್ಲಿನ ಸೀನಿಯರ್ ಕೋಚ್ ಮೇಡಂ ಅವರ ಅಭ್ಯಾಸ ನೋಡಿ ಬಂದೆ, ತುಂಬಾ ಇಷ್ಟವಾಯಿತು. ಒಂದು ಸಲವೂ ದನಿ ಏರಿಸಲಿಲ್ಲ, ಆದರೂ ಯಾರೂ ಸುಮ್ನೆ ನಿಂತಿರಲಿಲ್ಲ. ಮೊದಲ ಎರಡು ವಾರ ನೋಡುತ್ತಿರಿ, ಆಮೇಲೆ ವಾರ್ಮ್‌ಅಪ್ ಕೊಡುತ್ತೇನೆ ಅಂದಿದ್ದಾರೆ. ಈ ಎರಡು ವಾರದಲ್ಲಿ ಏನು ನೋಡಬೇಕು? ಸುಮ್ನೆ ನೋಡಿದರೆ ಎಲ್ಲಾ ಚೆನ್ನಾಗಿದೆ ಅನ್ನಿಸುತ್ತದೆ, ಮನೆಗೆ ಬಂದರೆ ಏನೂ ನೆನಪಿರುವುದಿಲ್ಲ.

ಹಳೇ ಸೀಟಿ:

ಒಳ್ಳೆಯ ಪ್ರಶ್ನೆ. ನೋಡೋಕೂ ಒಂದು ಕ್ರಮ ಬೇಕು.

1974-75ರ ಸೀಸನ್‌ನಲ್ಲಿ ರೊನಾಲ್ಡ್ ಗ್ಯಾಲಿಮೋರ್ ಮತ್ತು ರೋಲಂಡ್ ಥಾರ್ಪ್ ಅನ್ನೋ ಇಬ್ಬರು ಸಂಶೋಧಕರು ಬ್ಯಾಸ್ಕೆಟ್‌ಬಾಲ್ ಕೋಚ್ ಜಾನ್ ವುಡನ್ ಅವರ ಅಭ್ಯಾಸವನ್ನು ಪಕ್ಕದಲ್ಲಿ ಕೂತು ನೋಡಿದರು. ಅಮೆರಿಕದ ಯುಸಿಎಲ್‌ಎ ವಿಶ್ವವಿದ್ಯಾಲಯದ ತಂಡಕ್ಕೆ 10 ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟ ಕೋಚ್ ಅವರು, ಅದು ಅವರ ಕೊನೆಯ ಸೀಸನ್. ಸಂಶೋಧಕರು ಮಾಡಿದ್ದು ಇಷ್ಟೇ. ವುಡನ್ ಬಾಯಿಂದ ಬಂದ ಪ್ರತಿ ಮಾತನ್ನೂ ಯಾವ ಬಗೆಯದು ಅಂತ ಗುರುತು ಹಾಕಿಕೊಂಡರು. ಹೊಗಳಿಕೆಯಾ, ಬೈಗುಳವಾ, ಹೀಗೆ ಮಾಡು ಅನ್ನೋ ವಿವರವಾ? ಕೊನೆಗೆ ಎಣಿಸಿ ನೋಡಿದರೆ ಹೊಗಳಿಕೆಯೂ ಕಡಿಮೆ, ಬೈಗುಳವೂ ಕಡಿಮೆ. ಹೆಚ್ಚಿನದೆಲ್ಲ ಏನು ಮಾಡಬೇಕು, ಹೇಗೆ ಮಾಡಬೇಕು ಅನ್ನೋ ಚಿಕ್ಕ ಚಿಕ್ಕ ವಿವರ. ಉದ್ದ ಭಾಷಣ ಇರಲಿಲ್ಲ. ಇನ್ನೊಂದು ವಿಷಯ, ಅಷ್ಟು ವರ್ಷ ಕೋಚಿಂಗ್ ಮಾಡಿದ ಮೇಲೂ ಅವರು ಪ್ರತಿದಿನದ ಪ್ಲಾನ್ ಅನ್ನು ನಿಮಿಷದ ಲೆಕ್ಕದಲ್ಲಿ ಚೀಟಿಯಲ್ಲಿ ಬರೆದುಕೊಂಡೇ ಬರುತ್ತಿದ್ದರು.

ನೀವೂ ಅದನ್ನೇ ಮಾಡಿ. ಒಂದು ಪಾಕೆಟ್ ನೋಟ್‌ಬುಕ್ ಇಟ್ಟುಕೊಳ್ಳಿ. ಒಂದು ದಿನ ಮೇಡಂ ಆಡಿದ ಮಾತುಗಳನ್ನು ಮಾತ್ರ ಬಗೆಬಗೆಯಾಗಿ ಗೆರೆ ಎಳೆದು ಎಣಿಸಿ, ಬೇರೆ ಏನನ್ನೂ ನೋಡಬೇಡಿ. ಇನ್ನೊಂದು ದಿನ ಒಬ್ಬಳೇ ಒಬ್ಬ ಹುಡುಗಿಯನ್ನು ಅಥವಾ ಹುಡುಗನನ್ನು ಆರಿಸಿಕೊಳ್ಳಿ, ಆ ಮಗುವಿಗೆ ಅಭ್ಯಾಸದಲ್ಲಿ ಎಷ್ಟು ಸಲ ಚೆಂಡು ಸಿಕ್ಕಿತು, ಎಷ್ಟು ಹೊತ್ತು ಸಾಲಿನಲ್ಲಿ ಕಾಯುತ್ತಾ ನಿಂತಿತ್ತು ಅಂತ ಬರೆಯಿರಿ. ಮತ್ತೊಂದು ದಿನ ಮೇಡಂ ಎಲ್ಲಿ ನಿಲ್ಲುತ್ತಾರೆ ಅಂತ ನೋಡಿ. ಇದನ್ನು ಹೊಸಬರು ಯಾರೂ ಗಮನಿಸುವುದಿಲ್ಲ. ಒಳ್ಳೆಯ ಕೋಚ್‌ಗಳು ಸಾಧ್ಯವಾದಷ್ಟೂ ಎಲ್ಲರೂ ಕಣ್ಣಿಗೆ ಬೀಳುವ ಜಾಗದಲ್ಲಿ, ಮೈದಾನದ ಅಂಚಿನಲ್ಲಿ ನಿಲ್ಲುತ್ತಾರೆ. ನಡುವೆ ನಿಂತರೆ ಅರ್ಧ ತಂಡ ಬೆನ್ನ ಹಿಂದೆ ಇರುತ್ತದೆ. ಬಿಸಿಲಿದ್ದರೆ ತಮ್ಮ ಮುಖಕ್ಕೆ ಬಿಸಿಲು ಬೀಳುವ ಹಾಗೆ ನಿಂತು, ಮಕ್ಕಳ ಬೆನ್ನಿಗೆ ಸೂರ್ಯ ಇರುವ ಹಾಗೆ ನೋಡಿಕೊಳ್ಳುತ್ತಾರೆ, ಆಗ ಮಕ್ಕಳು ಕಣ್ಣು ಕಿರಿದು ಮಾಡದೆ ಅವರನ್ನು ನೋಡಬಹುದು.

ಆಮೇಲೆ ವಾರ್ಮ್‌ಅಪ್ ನಿಮ್ಮ ಕೈಗೆ ಬಂದಾಗ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹತ್ತು ನಿಮಿಷದ ವಾರ್ಮ್‌ಅಪ್‌ನಲ್ಲಿ ಕೋಚಿಂಗ್‌ನ ಎಲ್ಲ ಕೆಲಸವೂ ಇದೆ. ಮಕ್ಕಳನ್ನು ಒಟ್ಟು ಮಾಡಬೇಕು, ಹೇಳಬೇಕು, ಮಾಡಿ ತೋರಿಸಬೇಕು, ನೋಡಬೇಕು, ತಿದ್ದಬೇಕು, ಹೊತ್ತಿಗೆ ಸರಿಯಾಗಿ ಮುಗಿಸಿ ಮುಂದಿನ ಕೋಚ್‌ಗೆ ಒಪ್ಪಿಸಬೇಕು. ವಿವರಣೆ ಅರ್ಧ ನಿಮಿಷ ಮೀರದಿರಲಿ. ಮೊದಲು ಒಂದು ಸಲ ಮಾಡಿಸಿ, ಆಮೇಲೆ ತಿದ್ದಿ. ಒಂದು ಸಲಕ್ಕೆ ಒಂದೇ ವಿಷಯ ತಿದ್ದಿ, ಮೂರು ಕಂಡರೂ ಒಂದೇ ಹೇಳಿ.

ತಿದ್ದುವ ಮಾತಿನಲ್ಲೂ ಒಂದು ಗುಟ್ಟಿದೆ. ಗೇಬ್ರಿಯೆಲ್ ವುಲ್ಫ್ ಮತ್ತು ಇತರ ಸಂಶೋಧಕರು ಚಲನೆ ಕಲಿಯುವವರ ಮೇಲೆ ತುಂಬಾ ಪ್ರಯೋಗ ಮಾಡಿದ್ದಾರೆ. ಕಲಿಯುವವರ ಗಮನ ತಮ್ಮ ಕೈಕಾಲಿನ ಮೇಲೆ ಇರೋದಕ್ಕಿಂತ ಹೊರಗಿನ ಯಾವುದಾದರೂ ಗುರಿಯ ಮೇಲೆ ಇದ್ದರೆ ಸಾಮಾನ್ಯವಾಗಿ ಚೆನ್ನಾಗಿ ಮಾಡುತ್ತಾರೆ ಅನ್ನೋದು ಅದರಲ್ಲಿ ಮತ್ತೆ ಮತ್ತೆ ಕಂಡಿದೆ. ಜಿಗಿತ ಕಲಿಸುವಾಗ 'ಮಂಡಿ ಬೇಗ ನೆಟ್ಟಗೆ ಮಾಡು' ಅನ್ನುವ ಬದಲು 'ನೆಲವನ್ನು ಜೋರಾಗಿ ತಳ್ಳು' ಅಂದು ನೋಡಿ. ಓಟದಲ್ಲಿ 'ತೊಡೆ ಎತ್ತು' ಅನ್ನುವ ಬದಲು 'ಆ ಕೋನ್ ಕಡೆಗೆ ನುಗ್ಗು'. ಮೊದಲು ನೋಡಿ ಬಂದ ಎರಡು ವಾರದಲ್ಲಿ ಮೇಡಂ ಬಳಸುವ ಇಂಥ ಮಾತುಗಳನ್ನು ಬರೆದುಕೊಂಡು, ಅವನ್ನೇ ಬಳಸಿ. ಮಕ್ಕಳಿಗೆ ಪರಿಚಯ ಇರುವ ಮಾತು ಬೇಗ ತಲೆಗೆ ಹೋಗುತ್ತದೆ, ಇಬ್ಬರು ಕೋಚ್‌ಗಳು ಒಂದೇ ವಿಷಯಕ್ಕೆ ಬೇರೆ ಬೇರೆ ಮಾತು ಹೇಳಿದರೆ ಗೊಂದಲ ಆಗುತ್ತದೆ. ನಿಮ್ಮದೇ ಮಾತುಗಳು ಬರೋಕೆ ಮುಂದೆ ಬೇಕಾದಷ್ಟು ಸಮಯ ಇದೆ.

ಮಿಡ್‌ಫೀಲ್ಡರ್:

ದೊಡ್ಡ ಕ್ಲಬ್‌ನವರು ಮೀಟಿಂಗ್‌ಗೇ ಬಿಡಲ್ಲ ಅಂದಮೇಲೆ ಸರಿ, ನಿಮ್ಮ ತೀರ್ಮಾನ ಒಪ್ಪುತ್ತೇನೆ. ಆದರೆ ಅವರಿಗೆ ಒರಟಾಗಿ ಬೇಡ ಅನ್ನಬೇಡಿ. ಈ ವರ್ಷ ಬರೋಕೆ ಆಗುತ್ತಿಲ್ಲ, ಒಂದು ದಿನ ಬಂದು ಅಭ್ಯಾಸ ನೋಡಬಹುದಾ ಅಂತ ಕೇಳಿ ಇಡಿ.

ಸೈಡ್‌ಲೈನ್:

ಹಾಗೇ ಮಾಡುತ್ತೇನೆ. ಅವರಿಗೆ, ಮತ್ತೆ ಬೇರೆ ಕೆಲವು ಕೋಚ್‌ಗಳಿಗೂ ಮೇಲ್ ಮಾಡಬೇಕು ಅಂತಿದ್ದೇನೆ. ಗೊತ್ತಿಲ್ಲದವರಿಗೆ ಹೇಗೆ ಬರೆಯೋದು?

ವಿಡಿಯೋ ರೂಮ್:

ಚಿಕ್ಕದಾಗಿ ಬರೆಯಿರಿ, ಫೋನ್‌ನಲ್ಲಿ ಒಂದೇ ಸಲಕ್ಕೆ ಕಾಣುವಷ್ಟು. 'ಬಾಲ್ಯದಿಂದಲೂ ಆಟದ ಮೇಲೆ ಅಪಾರ ಪ್ರೀತಿ' ಅಂತ ಶುರುವಾಗುವ ಮೇಲ್ ವಾರಕ್ಕೆ ಎಷ್ಟೋ ಬರುತ್ತವೆ. ಅವರ ತಂಡದ ಆಟ ನೋಡಿ, ಗಮನಕ್ಕೆ ಬಂದ ಒಂದು ವಿಷಯ ಬರೆಯಿರಿ, ಅದರ ಬಗ್ಗೆ ಒಂದೇ ಪ್ರಶ್ನೆ ಕೇಳಿ.

ಆಂಡ್ರೆ ವಿಲ್ಲಾಸ್ ಬೋಯಸ್ ಕಥೆ ಇದೇ. ಪೋರ್ಟೋದಲ್ಲಿ ಬಾಬಿ ರಾಬ್ಸನ್ ಇದ್ದ ಕಟ್ಟಡದಲ್ಲೇ ಈ ಹುಡುಗನ ಮನೆ. ಡೊಮಿಂಗೋಸ್ ಅನ್ನೋ ಆಟಗಾರನನ್ನು ಯಾಕೆ ಆಡಿಸುತ್ತಿಲ್ಲ ಅಂತ ಹದಿಹರೆಯದ ಹುಡುಗ ಕೋಚ್‌ಗೇ ಪತ್ರ ಬರೆದ. ರಾಬ್ಸನ್ ಸಿಟ್ಟಾಗಲಿಲ್ಲ, ಅವನನ್ನು ಅಭ್ಯಾಸ ನೋಡೋಕೆ ಕರೆದರು, ಕೋಚಿಂಗ್ ಕೋರ್ಸ್‌ಗೆ ದಾರಿ ಮಾಡಿಕೊಟ್ಟರು. 2011ರಲ್ಲಿ ಅದೇ ಪೋರ್ಟೋ ತಂಡದ ಕೋಚ್ ಆಗಿ ಯುರೋಪಾ ಲೀಗ್ (ಯುರೋಪಿನ ಕ್ಲಬ್‌ಗಳ ಟೂರ್ನಿ) ಗೆದ್ದಾಗ ಅವರಿಗೆ 33 ವರ್ಷ.

ನಿಮ್ಮ ಮೇಲ್‌ನಲ್ಲಿ ಕೆಲಸ ಕೇಳಬೇಡಿ, ಒಂದು ಅಭ್ಯಾಸ ನೋಡೋಕೆ ಅವಕಾಶ ಕೇಳಿ. ಯಾವ ಯಾವ ದಿನ ಬರಬಹುದು ಅಂತ ನೀವೇ ತಿಳಿಸಿ, ಅವರು 'ಮಂಗಳವಾರ ಬಾ' ಅಂತ ಎರಡು ಪದದಲ್ಲಿ ಉತ್ತರಿಸುವ ಹಾಗಿರಲಿ. ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಒಮ್ಮೆ ನೆನಪಿಸಿ, ಅಷ್ಟಕ್ಕೇ ಬಿಡಿ. ಕರೆದರೆ ಹೋಗಿ, ನೋಟ್‌ಬುಕ್ ಹಿಡಿದುಕೊಂಡು ಸೈಡಲ್ಲಿ ನಿಲ್ಲಿ, ಅಭ್ಯಾಸ ಮುಗಿದಾಗ ಕೇಳದೆಯೇ ಕೋನ್ ಎತ್ತಿಡೋಕೆ ಕೈ ಜೋಡಿಸಿ. ಆ ದಿನವೇ ರಾತ್ರಿ ಥ್ಯಾಂಕ್ಸ್ ಹೇಳಿ ಮೇಲ್ ಮಾಡಿ, ಅಲ್ಲಿ ಕಲಿತ ಒಂದು ವಿಷಯವನ್ನು ಅದರಲ್ಲಿ ಬರೆಯಿರಿ. ಮಕ್ಕಳ ತಂಡದ ಜೊತೆ ಅದನ್ನು ಮಾಡಿ ನೋಡಿದ ಮೇಲೆ ಏನಾಯಿತು ಅಂತ ತಿಂಗಳು ಬಿಟ್ಟು ಇನ್ನೊಂದು ಮೇಲ್ ಮಾಡಿ. ಬಹಳಷ್ಟು ಕೋಚ್‌ಗಳು ಆ ಎರಡನೇ ಮೇಲ್‌ಗೆ ಉದ್ದವಾಗಿ ಉತ್ತರ ಬರೆಯುತ್ತಾರೆ.